ಪರದೆಯ ಮೇಲೆ ಎಪ್ಪತ್ತಾರು

“ತೊಂಬತ್ತು ದಾಟಿದರೆ ಮಾತ್ರ, ಗೊತ್ತಾಯ್ತಾ? ತೊಂಬತ್ತು!”

ಪೋಹಾನ್ ಮಳೆಯಂಗಿಯ ಗುಂಡಿಗಳನ್ನು ಹಾಕಿಕೊಳ್ಳುತ್ತಲೇ ತಂಗಿಯ ಮೂಗಿನ ಮುಂದೆ ಬೆರಳಾಡಿಸಿದನು.

“ಗೊತ್ತಾಯ್ತು ಅಣ್ಣ. ಎಷ್ಟು ಸಲ ಹೇಳ್ತೀಯ!” ಎಂದಳು ಯಾತುಂಗ್.

“ಇನ್ನೊಂದು ಸಲ ಹೇಳ್ತೀನಿ, ಕೇಳು. ಪರದೆ ಮೇಲಿರೋ ಈ ನಂಬರ್ ಪ್ರೊಸೆಸರಿನ ಬಿಸಿ. ತೊಂಬತ್ತು ದಾಟಿದ್ರೆ ಈ ಕೆಂಪು ಸ್ವಿಚ್ ಒತ್ತು. ದಾಟದೇ ಇದ್ರೆ ಆಕಾಶ ಕಳಚಿ ಬಿದ್ರೂ ಮುಟ್ಬೇಡ.”

“ಆಕಾಶ ಆಗಲೇ ಕಳಚಿ ಬೀಳ್ತಾ ಇದೆ.”

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ತೈಪೆ ನಗರದಿಂದ ನದಿಯಾಚೆಗಿರುವ ಸಾನ್‌ಚುಂಗ್ ಬಡಾವಣೆಯನ್ನು ಚಂಡಮಾರುತ ಬೆಳಗಿನಿಂದ ಹಿಡಿದು ಅಲ್ಲಾಡಿಸುತ್ತಿತ್ತು. ಶಾಲೆಗಳಿಗೆ ರಜೆ ಸಾರಿದ್ದರು. ನಾಲ್ಕನೆಯ ಮಹಡಿಯ ಅವರ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಗಾಜಿನ ಮೇಲೆಲ್ಲ ಅಡ್ಡಡ್ಡ ಟೇಪು. ಅಪ್ಪ ಕಾರ್ಖಾನೆಯ ಪಾಳಿಗೆ ಹೋಗಿದ್ದನು. ಮಾರುಕಟ್ಟೆಯಲ್ಲಿ ಸೀಬೆಹಣ್ಣು ಮಾರುವ ಅಮ್ಮನಿಂದ ಈಗಷ್ಟೇ ಫೋನು ಬಂದಿತ್ತು. ಅಂಗಡಿಯ ಟಾರ್ಪಾಲು ಹಗ್ಗ ಕಿತ್ತುಕೊಂಡು ಹಾರುತ್ತಿದೆಯಂತೆ, ಹಿಡಿಯಲು ಇನ್ನೊಂದು ಜೊತೆ ಕೈ ಬೇಕಂತೆ.

ಪೋಹಾನ್ ಬಾಗಿಲ ಬಳಿ ನಿಂತು ಮೇಜಿನ ಕಡೆಗೊಮ್ಮೆ ತಿರುಗಿ ನೋಡಿದನು.

ಮೇಜಿನ ಮೇಲೆ ಅವನ ಕಂಪ್ಯೂಟರು ಅಂಗಿಯಿಲ್ಲದ ಮಗುವಿನಂತೆ ಬರಿಮೈಯಲ್ಲಿ ಮಲಗಿತ್ತು. ಅದಕ್ಕೆ ಪೆಟ್ಟಿಗೆಯಿರಲಿಲ್ಲ. ಅಂಗಡಿಯಿಂದ ತಂದ ರಟ್ಟಿನ ಡಬ್ಬಿಯನ್ನೇ ಬೋರಲು ಹಾಕಿ, ಅದರ ಮೇಲೆ ಮದರ್‌ಬೋರ್ಡನ್ನು ಇಟ್ಟಿದ್ದನು. ನಡುವೆ ಪ್ರೊಸೆಸರು, ಅದನ್ನು ತಣ್ಣಗಿಡಲು ನೀರು ಹರಿಯುವ ಎರಡು ಕಪ್ಪು ಕೊಳವೆಗಳು. ಬೋರ್ಡಿನ ಅಂಚಿನಲ್ಲಿ ನೀಲಿ, ನೇರಳೆ ದೀಪಗಳು. ಪಕ್ಕದಲ್ಲಿ ಒಂದು ಪುಟ್ಟ ಟೇಬಲ್ ಫ್ಯಾನು ಗಾಳಿ ಹಾಯಿಸುತ್ತಿತ್ತು.

ಅದು ವೃತ್ತಿಶಿಕ್ಷಣ ಶಾಲೆಗಳ ಹುಡುಗ ಹುಡುಗಿಯರಿಗಾಗಿ ನಡೆಯುವ ಸ್ಪರ್ಧೆಗೆಂದು ಜೋಡಿಸಿದ್ದು. ಗೊತ್ತುಪಡಿಸಿದ ಬೆಲೆಯೊಳಗೆ ಬಿಡಿಭಾಗಗಳನ್ನು ಕೊಂಡು ಜೋಡಿಸಬೇಕು. ಪ್ರೊಸೆಸರನ್ನು ಅದರ ತಯಾರಕರು ಹೇಳಿದ ವೇಗಕ್ಕಿಂತ ಎಷ್ಟೋ ಹೆಚ್ಚು ವೇಗದಲ್ಲಿ ಓಡಿಸಬೇಕು. ಆರು ಗಂಟೆ ಒಂದೇ ಸಮನೆ ಓಡಿದರೆ ಗೆದ್ದಂತೆ. ಪರದೆಯ ಚಿತ್ರವನ್ನು ಇಂದು ಸಂಜೆ ಐದರೊಳಗೆ ಕಳಿಸಬೇಕಾಗಿತ್ತು. ಈವರೆಗೆ ಓಡಿಸಿದಾಗಲೆಲ್ಲ ಅದು ಅರ್ಧದಲ್ಲೇ ನಿಂತುಹೋಗಿತ್ತು. ಇದೇ ಕೊನೆಯ ಓಟ.

“ನಿಂತುಹೋದ್ರೆ ಮತ್ತೆ ಶುರು ಮಾಡೋಕೆ ಟೈಮಿಲ್ಲ ಕಣೇ ಕೋತಿ,” ಎಂದು ಹೇಳಿ ಪೋಹಾನ್ ಮೆಟ್ಟಿಲಿಳಿದು ಓಡಿದನು.

ಯಾತುಂಗ್ ಮಣೆಯಂಥ ಗಿಡ್ಡ ಸ್ಟೂಲಿನ ಮೇಲೆ ಕೂತಳು. ಪರದೆ ‘76’ ಎನ್ನುತ್ತಿತ್ತು.

“ಯಾರೇ ಅದು, ಪೋಹಾನ್ ಹೋದನಾ?” ಒಳಕೋಣೆಯಿಂದ ಅಜ್ಜಿಯ ದನಿ ಬಂತು. ಅಜ್ಜಿಯನ್ನು ಅವರು ಆಮಾ ಎಂದು ಕರೆಯುತ್ತಿದ್ದರು. ಆಮಾ ಜಾರಿಬಿದ್ದು ಕಾಲು ಮುರಿದುಕೊಂಡು, ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು.

“ಹೋದ, ಆಮಾ.”

“ಆ ಯಂತ್ರದ ಹತ್ರ ಪೊಟ್ಟಣ ಇಟ್ಟಿದೀರ ತಾನೆ? ಹಸಿರು ಪೊಟ್ಟಣ?”

“ಇಟ್ಟಿದೀವಿ.”

“ಹಳದೀದು ಇಟ್ಟೀರ ಮತ್ತೆ! ಹಳದಿ ಇಟ್ರೆ ಯಂತ್ರ ಮುನಿಸ್ಕೊಳ್ಳುತ್ತೆ. ತಾರೀಖು ಮುಗಿದಿದ್ಯಾ ನೋಡು.”

“ಮುಗಿದಿಲ್ಲ ಆಮಾ. ಮೊನ್ನೆ ತಾನೆ ನೀನೇ ತರಿಸಿದ್ದು.”

ತೆಂಗಿನಕಾಯಿ ರುಚಿಯ ಆ ಕುರುಕಲು ತಿಂಡಿಯ ಹಸಿರು ಪೊಟ್ಟಣವನ್ನು ಒಡೆಯದೆ ಪಕ್ಕದಲ್ಲಿಟ್ಟರೆ ಯಂತ್ರಗಳು ಹೇಳಿದ ಮಾತು ಕೇಳುತ್ತವೆ ಎಂಬುದನ್ನು ಆ ಊರಿನ ಬ್ಯಾಂಕಿನವರೂ ನಂಬುತ್ತಾರೆ, ಆಸ್ಪತ್ರೆಯವರೂ ನಂಬುತ್ತಾರೆ. ಆಮಾ ನಂಬುವುದರಲ್ಲಿ ಏನು ಹೆಚ್ಚು?

“ಸೆಕೆ ಕಣೇ ಪುಟ್ಟಿ,” ಆಮಾ ನರಳಿದಳು. “ಕಿಟಕಿ ತೆಗಿಯೋ ಹಾಗಿಲ್ಲ, ಏಸಿ ಹಾಕಿದ್ರೆ ಫ್ಯೂಸು ಹೋಗುತ್ತೆ ಅಂತಾನೆ ನಿಮ್ಮಣ್ಣ. ನಾನೇನು ಇಲ್ಲೇ ಬೆಂದು ಹೋಗ್ಲಾ? ಆ ಪ್ಲಾಸ್ಟರ್ ಒಳಗೆ ಇರುವೆ ಹರಿದ ಹಾಗೆ ಆಗ್ತಿದೆ.”

ಯಾತುಂಗ್ ಒಳಗೆ ಇಣುಕಿದಳು. ಆಮಾಳ ಹಣೆಯಿಂದ ಬೆವರು ದಿಂಬಿಗೆ ಇಳಿಯುತ್ತಿತ್ತು. ಮನೆಯಲ್ಲಿದ್ದುದು ಒಂದೇ ಫ್ಯಾನು.

ಅವಳು ಫ್ಯಾನನ್ನು ಒಂದು ಕ್ಷಣ ಆ ಕಡೆಗೆ ತಿರುಗಿಸಿ, ಪರದೆಯನ್ನೇ ನೋಡುತ್ತ ನಿಂತಳು. 76. ಸ್ವಲ್ಪ ಹೊತ್ತು ಕಾದಳು. ಆಗಲೂ 76. ಪ್ರೊಸೆಸರನ್ನು ತಣ್ಣಗಿಡಲು ನೀರಿದೆಯಲ್ಲ, ಗಾಳಿಯೇಕೆ ಎಂದುಕೊಂಡಳು. ಫ್ಯಾನನ್ನು ಎತ್ತಿ ಒಯ್ದು ಆಮಾಳ ತಲೆಯ ಬಳಿ ಇಟ್ಟಳು.

“ನೂರು ವರ್ಷ ಬಾಳು,” ಎಂದು ಆಮಾ ಕಣ್ಣು ಮುಚ್ಚಿದಳು.

ಹೊರಗೆ ಯಾವುದೋ ಮನೆಯ ತಗಡು ಕಿತ್ತುಬಂದು, ದಡಬಡ ಸದ್ದು ಮಾಡುತ್ತ ಬೀದಿಯುದ್ದಕ್ಕೂ ಉರುಳಿತು. ಯಾತುಂಗ್ ಬೆಚ್ಚಿ ಸ್ಟೂಲಿಗೆ ಅಂಟಿಕೊಂಡಳು. ದೀಪ ಒಮ್ಮೆ ಮಂಕಾಗಿ ಮತ್ತೆ ಬೆಳಗಿತು. ಕಂಪ್ಯೂಟರು ನಿಲ್ಲಲಿಲ್ಲ.

ಹೀಗೆ ಎಷ್ಟು ಹೊತ್ತಾಯಿತೋ. ಆಮೇಲೆ ಒಂದು ವಾಸನೆ ಬಂತು.

ಮೊದಲು ಅದು ಊದುಬತ್ತಿಯ ವಾಸನೆಯೆಂದು ಬಗೆದಳು. ಮೂಲೆಯಲ್ಲಿ ತೀರಿಹೋದ ಹಿರಿಯರ ಪೂಜಾಪೀಠವಿತ್ತು. ಬೆಳಿಗ್ಗೆ ಅಮ್ಮ ಅಲ್ಲಿ ಊದುಬತ್ತಿ ಹಚ್ಚಿ ಹೋಗಿದ್ದಳು. ಎದ್ದು ಹೋಗಿ ನೋಡಿದಳು. ಊದುಬತ್ತಿ ಯಾವಾಗಲೋ ಆರಿ, ಬೂದಿ ತಣ್ಣಗಾಗಿತ್ತು. ಅಡುಗೆಮನೆಗೆ ಹೋದಳು. ಒಲೆ ಆರಿಸಿತ್ತು, ಅನ್ನದ ಕುಕ್ಕರಿನ ಪ್ಲಗ್ಗು ಕೂಡ ತೆಗೆದಿತ್ತು.

“ಆಮಾ, ಏನಾದ್ರೂ ವಾಸನೆ ಬರ್ತಿದ್ಯಾ?”

“ನೆಗಡಿಯಾಗಿ ಮೂಗು ಕಟ್ಟಿ ವಾರ ಆಯ್ತು. ನನಗೆ ಮೀನೂ ಒಂದೇ, ಮಲ್ಲಿಗೇನೂ ಒಂದೇ.”

ಮೇಜಿನ ಬಳಿಗೆ ಮರಳಿದಾಗ ವಾಸನೆ ಮೂಗಿಗೆ ಅಡರಿತು. ಬಿಸಿಲಿನಲ್ಲಿ ಕಾದ ಪ್ಲಾಸ್ಟಿಕ್ ಚಪ್ಪಲಿಯ ಹಾಗೆ. ಅದಕ್ಕೆ ಸ್ವಲ್ಪ ಸುಟ್ಟ ಸಕ್ಕರೆ ಬೆರೆಸಿದ ಹಾಗೆ.

ಪರದೆಯಲ್ಲಿ 76.

ನಂಬರು ಸರಿಯಾಗಿದೆ. ಅಣ್ಣ ಹೇಳಿದ್ದು ನಂಬರನ್ನು ನೋಡು ಎಂದು. ವಾಸನೆಯನ್ನು ನೋಡು ಎಂದಲ್ಲ. ಹಾಗಿದ್ದರೂ ಯಾತುಂಗ್‌ಗೆ ಭಯವಾಯಿತು. ಅವಳು ಅಂಗೈಯನ್ನು ನಿಧಾನವಾಗಿ ಬೋರ್ಡಿನ ಮೇಲೆ ತಂದಳು, ಮುಟ್ಟದಂತೆ. ಪ್ರೊಸೆಸರಿನ ಮೇಲೆ ಬಿಸಿಯಿರಲಿಲ್ಲ. ಅದರ ಎಡಕ್ಕೆ, ಪುಟ್ಟ ಪುಟ್ಟ ಕಪ್ಪು ಚೌಕಗಳು ಸಾಲಾಗಿ ಕೂತಿದ್ದ ಕಡೆ ಬಂದಾಗ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು. ಕುದಿಯುವ ಪಾತ್ರೆಯ ಬಾಯಿಗೆ ಕೈಯೊಡ್ಡಿದಂತಿತ್ತು.

ಆಗ ಅವಳಿಗೆ ಹೋದ ತಿಂಗಳ ನೆನಪಾಯಿತು. ಕಂಪ್ಯೂಟರ್ ಮಾರುಕಟ್ಟೆಯ ಅಂಗಡಿಯೊಂದರಲ್ಲಿ ಪೋಹಾನ್ ಎರಡು ಬೋರ್ಡುಗಳನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದನು. ಒಂದು ಭಾರದ್ದು, ಪ್ರೊಸೆಸರು ಕೂರುವ ಜಾಗದ ಸುತ್ತ ದಪ್ಪ ದಪ್ಪ ಲೋಹದ ಗಟ್ಟಿಗಳಿದ್ದವು. ಇನ್ನೊಂದು ಹಗುರ, ಅಗ್ಗ. ಆ ಜಾಗ ಬೋಳು, ಅಂಚಿನಲ್ಲಿ ಬಣ್ಣದ ದೀಪ. ಭಾರದ್ದನ್ನು ಕೊಂಡರೆ ಸ್ಪರ್ಧೆಯ ಬೆಲೆಯೊಳಗೆ ಒಳ್ಳೆಯ ಪ್ರೊಸೆಸರು ಬರುವಂತಿರಲಿಲ್ಲ.

“ಪ್ರೊಸೆಸರಿಗೆ ಕರೆಂಟು ಹೋಗೋದು ಈ ಕಪ್ಪು ಚೌಕಗಳ ಮೂಲಕ,” ಎಂದು ಅಂಗಡಿಯ ಹೆಂಗಸು ಹೇಳಿದ್ದಳು. “ಇದರಲ್ಲಿ ಅವಕ್ಕೆ ಲೋಹದ ಹೊದಿಕೆ ಇಲ್ಲ, ನೋಡು ತಮ್ಮಾ. ಜೋರಾಗಿ ಓಡಿಸೋದಾದ್ರೆ ಗಾಳಿ ಹಾಯಿಸ್ಬೇಕಾಗುತ್ತೆ.”

“ನೀನೇನಂತೀಯೇ?” ಎಂದು ಪೋಹಾನ್ ತಂಗಿಯನ್ನು ಕೇಳಿದ್ದನು.

“ದೀಪ ಇರೋದು!” ಎಂದು ಯಾತುಂಗ್ ಕುಣಿದಿದ್ದಳು.

ಗಾಳಿ ಹಾಯಿಸಬೇಕು! ಫ್ಯಾನು ಪ್ರೊಸೆಸರಿಗಾಗಿ ಇಟ್ಟದ್ದಲ್ಲ. ಅದು ಆ ಚೌಕಗಳಿಗಾಗಿ ಇದ್ದದ್ದು. ಪರದೆಯ ನಂಬರು ಪ್ರೊಸೆಸರಿನ ಬಿಸಿಯನ್ನು ಮಾತ್ರ ಹೇಳುತ್ತದೆ. ಆ ಚೌಕಗಳ ಬಿಸಿಯನ್ನು ಹೇಳುವವರು ಇಲ್ಲಿ ಯಾರೂ ಇಲ್ಲ.

ಓಡಿಹೋಗಿ ಫ್ಯಾನು ತಂದು ಮೊದಲಿದ್ದಲ್ಲಿಯೇ ಇಟ್ಟಳು.

“ಅಯ್ಯೋ, ಯಾಕೇ ತಗೊಂಡು ಹೋದೆ?” ಎಂದು ಆಮಾ ಕೂಗಿದಳು.

“ಆಮೇಲೆ ಕೊಡ್ತೀನಿ ಆಮಾ!”

ಫ್ಯಾನು ತಿರುಗಿತು, ವಾಸನೆ ಕೋಣೆಯ ತುಂಬ ಹರಡಿತು, ಕಡಿಮೆಯಾಗಲಿಲ್ಲ. ಚೌಕಗಳ ಪಕ್ಕದಲ್ಲಿ ಅಂಟಿಸಿದ್ದ ಬಿಳಿಯ ಚೀಟಿಯೊಂದು ಅಂಚಿನಿಂದ ಮೇಲಕ್ಕೆ ಸುರುಳಿಯಾಗುತ್ತಿತ್ತು.

ಅಣ್ಣನಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಗಾಳಿಯ ಹೋ ಎಂಬ ಸದ್ದಿನ ನಡುವೆ ಪೋಹಾನ್ ಕೂಗಿದನು:

“ಏನು? ನಂಬರ್ ಎಷ್ಟಿದೆ?”

“ಎಪ್ಪತ್ತಾರು. ಆದ್ರೆ—”

“ಮತ್ತೇನು! ಹಗ್ಗ ಹಿಡ್ಕೊಂಡಿದೀನಿ, ಆಮೇಲೆ ಮಾತಾಡು.”

“ಅಣ್ಣ, ಏನೋ ಸುಟ್ಟ ವಾಸನೆ ಬರ್ತಿದೆ!”

ಆ ಕಡೆಯಿಂದ ಕೆಲವು ಕ್ಷಣ ಮಾತೇ ಬರಲಿಲ್ಲ. ಗಾಳಿ ಮಾತ್ರ ಕೇಳಿಸುತ್ತಿತ್ತು.

“ಹೊಸ ಬೋರ್ಡಲ್ವಾ, ಹಾಗೇ ಬರುತ್ತೆ,” ಎಂದನು ಪೋಹಾನ್ ಕೊನೆಗೆ. “ಇನ್ನು ಒಂದೂವರೆ ಗಂಟೆ ಅಷ್ಟೇ ಯಾತುಂಗ್. ಮುಟ್ಬೇಡ.”

ಫೋನು ಕಡಿದುಹೋಯಿತು.

ಯಾತುಂಗ್ ಕೆಂಪು ಸ್ವಿಚ್ಚಿನ ಮುಂದೆ ನಿಂತಳು. ಒತ್ತಿದರೆ ಅಣ್ಣನ ಒಂದು ತಿಂಗಳ ದುಡಿಮೆ ಒಂದು ‘ಟಕ್’ ಸದ್ದಿಗೆ ಮುಗಿದುಹೋಗುತ್ತದೆ. ಅವನು ತನ್ನ ಜೊತೆ ಎಂದಾದರೂ ಮಾತಾಡುತ್ತಾನೆಯೇ? ಒತ್ತದಿದ್ದರೆ? ಬೋರ್ಡಿನ ಕೆಳಗಿರುವುದು ರಟ್ಟಿನ ಡಬ್ಬಿ. ಡಬ್ಬಿಯ ಕೆಳಗೆ ಮರದ ಮೇಜು. ಗೋಡೆಯಾಚೆ ಆಮಾ, ಮುರಿದ ಕಾಲು, ನಾಲ್ಕು ಮಹಡಿ ಮೆಟ್ಟಿಲು.

ಪರದೆ ಮಾತ್ರ ತಣ್ಣಗೆ 76 ಎನ್ನುತ್ತಲೇ ಇತ್ತು. ಅಷ್ಟು ಹೊತ್ತು ನೆಚ್ಚಿಕೊಂಡಿದ್ದ ಆ ನಂಬರನ್ನು ಕಂಡರೆ ಅವಳಿಗೆ ಈಗ ಇನ್ನಷ್ಟು ಭಯವಾಯಿತು.

“ಆಮಾ,” ಎಂದು ಕರೆದಳು. ಗಾಳಿಯ ಸದ್ದಿನಲ್ಲಿ ಆಮಾಗೆ ಕೇಳಿಸಲಿಲ್ಲ.

ಬಿಳಿಯ ಚೀಟಿಯ ಅಂಚು ಕಂದುಬಣ್ಣಕ್ಕೆ ತಿರುಗಿತು.

ಯಾತುಂಗ್ ಕಣ್ಣು ಮುಚ್ಚಿ ಸ್ವಿಚ್ಚು ಒತ್ತಿದಳು.

ಬೋರ್ಡಿನ ನೀಲಿ ದೀಪಗಳು ಆರಿದವು. ಪರದೆ ಕಪ್ಪಾಯಿತು. ನೀರಿನ ಜುಳುಜುಳು ಸದ್ದು ನಿಂತಿತು. ಅಷ್ಟರವರೆಗೆ ಮನೆಯೊಳಗೆ ಅಷ್ಟೊಂದು ಸದ್ದಿತ್ತೆಂದು ಆಗಲೇ ಅವಳಿಗೆ ಗೊತ್ತಾದದ್ದು. ಅವಳು ಗೋಡೆಯ ಪ್ಲಗ್ಗನ್ನೂ ಕಿತ್ತಳು. ಕೊಡದಲ್ಲಿ ನೀರು ತಂದು ಬಾಗಿಲ ಬಳಿ ಇಟ್ಟುಕೊಂಡು, ಸ್ಟೂಲಿನ ಮೇಲೆ ಮೊಣಕಾಲನ್ನು ತಬ್ಬಿ ಕೂತಳು. ಬೆಂಕಿಯ ಭಯ ಸ್ವಲ್ಪ ಸ್ವಲ್ಪವೇ ಇಳಿಯಿತು. ಅದು ಖಾಲಿ ಮಾಡಿದ ಜಾಗದಲ್ಲಿ ಅಣ್ಣನ ಭಯ ಬಂದು ಕೂತಿತು.

ಮೆಟ್ಟಿಲ ಮೇಲೆ ಒದ್ದೆ ಬೂಟುಗಳ ಸದ್ದಾದಾಗ ಅವಳು ಬಾಗಿಲ ಕಡೆಗೆ ತಿರುಗಿದಳು.

ಪೋಹಾನ್ ಒಳಗೆ ಬಂದನು. ಮೈಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಪರದೆಯನ್ನು ನೋಡಿದನು.

“ಕರೆಂಟು ಹೋಯ್ತಾ?”

“ಇಲ್ಲ.”

“ಮತ್ತೆ?”

“ನಾನು ಸ್ವಿಚ್ ಒತ್ತಿದೆ.”

“ತೊಂಬತ್ತು ದಾಟಿತ್ತಾ?”

“ಇಲ್ಲ. ಎಪ್ಪತ್ತಾರೇ ಇತ್ತು.”

“ಯಾತುಂಗ್!” ಪೋಹಾನ್ ಕೂಗಿದ ರಭಸಕ್ಕೆ ಆಮಾ ಒಳಗಿನಿಂದ “ಯಾರು ಬಿದ್ರೋ?” ಎಂದಳು. “ಮುಟ್ಬೇಡ ಅಂತ ಫೋನಲ್ಲಿ ಹೇಳ್ದೆನೋ ಇಲ್ವೋ? ಹೇಳ್ದೆನೋ ಇಲ್ವೋ?”

“ಹೇಳ್ದೆ.” ಅವಳ ಕಣ್ಣು ತುಂಬಿ ಬಂತು. “ಫ್ಯಾನು ಕೂಡ ನಾನೇ ತೆಗೆದಿದ್ದೆ. ಆಮಾಗೆ ಸೆಕೆ ಅಂತ. ನಂಬರ್ ಏರ್ಲಿಲ್ಲ, ಅದಕ್ಕೆ ಪರವಾಗಿಲ್ಲ ಅಂದ್ಕೊಂಡೆ. ಆಮೇಲೆ ವಾಸನೆ ಬಂತು. ವಾಪಸ್ ಇಟ್ರೂ ಹೋಗ್ಲಿಲ್ಲ. ನಾನು... ಆಮಾ ಮಲಗಿದ್ಲು...”

ಪೋಹಾನ್ ಮೇಜಿನ ಬಳಿಗೆ ಹೋಗಿ ಬೋರ್ಡಿನ ಎರಡು ಅಂಚುಗಳನ್ನು ಹಿಡಿದು ಮೆಲ್ಲನೆ ಎತ್ತಿದನು. ಕೆಳಗಿನ ರಟ್ಟಿನ ಡಬ್ಬಿಯ ಮೇಲೆ, ಆ ಚೌಕಗಳಿದ್ದ ಜಾಗಕ್ಕೆ ಸರಿಯಾಗಿ, ಒಂದು ಕಂದು ಕಲೆ ಮೂಡಿತ್ತು. ನಡುವೆ ಅದು ಕಪ್ಪಾಗಿತ್ತು. ಅವನು ಬೆರಳಿನಿಂದ ಒತ್ತಿದನು. ರಟ್ಟು ಪುಡಿಪುಡಿಯಾಗಿ ಉದುರಿತು.

ಬೋರ್ಡನ್ನು ಪಕ್ಕಕ್ಕಿಟ್ಟು, ಮಳೆಯಂಗಿಯನ್ನೂ ತೆಗೆಯದೆ, ಪೋಹಾನ್ ನೆಲದ ಮೇಲೆ ಕೂತುಬಿಟ್ಟನು. ಅವನ ಸುತ್ತ ನೀರು ಹರಡತೊಡಗಿತು. ತುಂಬ ಹೊತ್ತು ಅವನು ಆ ಬೆರಳನ್ನೇ ನೋಡುತ್ತಿದ್ದನು.

“ಫ್ಯಾನ್ ತೆಗೆದಿದ್ದರಿಂದ ಅಲ್ಲ,” ಎಂದನು ಕೊನೆಗೆ, ಬಹಳ ಮೆಲ್ಲಗೆ. “ನೆನ್ನೆನೂ ಬಂದಿತ್ತು. ಫ್ಯಾನು ಹಾಕಿದ್ದಾಗಲೇ.”

“ಏನು?”

“ಆ ವಾಸನೆ.” ಅವನು ತಂಗಿಯ ಮುಖ ನೋಡಲಿಲ್ಲ. “ಕಿಟಕಿ ತೆಗೆದೆ, ಹೋಯ್ತು. ನಂಬರ್ ಸರಿಯಾಗೇ ಇತ್ತಲ್ವಾ... ನಂಬರನ್ನೇ ನೋಡ್ತಾ ಕೂತಿದ್ದೆ.”

ಯಾತುಂಗ್ ಮೂಗೊರೆಸಿಕೊಂಡಳು. ಫೋನಿನ ಆ ಕಡೆಯಲ್ಲಿ ಅಣ್ಣ ಮಾತಿಲ್ಲದೆ ನಿಂತಿದ್ದನಲ್ಲ, ಆ ಕೆಲವು ಕ್ಷಣ? ಆಗ ಅಲ್ಲಿದ್ದುದು ಗಾಳಿಯೊಂದೇ ಅಲ್ಲ. ಇಲ್ಲಿ ಈ ಸ್ಟೂಲಿನ ಮೇಲೆ ತನ್ನನ್ನು ಹಿಡಿದಿದ್ದ ಭಯ, ಮಾರುಕಟ್ಟೆಯಲ್ಲಿ ಹಗ್ಗ ಹಿಡಿದು ನಿಂತ ಅಷ್ಟು ದೊಡ್ಡ ಹುಡುಗನಿಗೂ ಇತ್ತು. ನೆನ್ನೆಯಿಂದಲೂ ಇತ್ತು.

“ಏನ್ರೋ ಅದು ಪಿಸಪಿಸ? ಯಂತ್ರ ಮಾತು ಕೇಳ್ತೋ ಇಲ್ವೋ?” ಎಂದು ಆಮಾ ಕೂಗಿದಳು.

ಪೋಹಾನನ ಗಲ್ಲ ಸಣ್ಣಗೆ ಅದುರುತ್ತಿತ್ತು. ಅದು ಚಳಿಯೆಂದು ಹೇಳುವಷ್ಟು ಅಂದು ಚಳಿಯಿರಲಿಲ್ಲ.

ಯಾತುಂಗ್ ಎದ್ದು ಒಣ ಟವೆಲನ್ನು ತಂದು ಅಣ್ಣನ ತಲೆಯ ಮೇಲೆ ಹಾಕಿದಳು. ಆಮೇಲೆ ಹರಡಿದ ನೀರನ್ನು ಲೆಕ್ಕಿಸದೆ, ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು.