ವೆಟ್ಟಿಯಾ ಬಾಯಿ ಬಿಡಲಿಲ್ಲ

ಅಪ್ಪ ಕಣ್ಣಲ್ಲೇ ಗದರಿದರು. ಅಜ್ಜಿ ಹುಬ್ಬು ಹಾರಿಸಿದಳು. ವೆಟ್ಟಿಯಾ ಮಾತ್ರ ತುಟಿ ಬಿಗಿದು ಕೂತೇ ಇದ್ದಳು.

ಅಪ್ಪ ಮೈಮೇಲಿನ ವಸ್ತ್ರದ ಸೆರಗನ್ನು ತಲೆಗೆ ಹೊದ್ದು, ರೊಟ್ಟಿಯ ಚೂರಿಗೆ ಉಪ್ಪು ಸೋಕಿಸಿ ಒಲೆಯ ಬೆಂಕಿಗೆ ಹಾಕಿ ಆಗಿತ್ತು. ಅದು ಮನೆದೇವರ ಪಾಲು. ಇನ್ನು ಮನೆಯ ಕಿರಿಯ ಮಗು "ದೇವರು ಪ್ರಸನ್ನರಾಗಿದ್ದಾರೆ" ಅನ್ನಬೇಕು. ಅಲ್ಲಿಯವರೆಗೆ ರೋಮಿನಲ್ಲಿ ಎಂಥ ದೊಡ್ಡ ಮನುಷ್ಯನೂ ಉಣ್ಣುವಂತಿಲ್ಲ, ತುಟಿ ಪಿಟಕ್ಕೆನ್ನುವಂತಿಲ್ಲ.

ದಿನವೂ ಅದನ್ನು ಹಾಡಿನಂತೆ ಹೇಳುತ್ತಿದ್ದ ವೆಟ್ಟಿಯಾ ಇವತ್ತು ಸುಮ್ಮನಿದ್ದಳು.

ಮಧ್ಯಾಹ್ನ ಗೂಡಿನಿಂದ ಮಣ್ಣಿನ ದೇವರು ಬಿದ್ದು ಕೈ ಮುರಿದಿತ್ತು. ತಪ್ಪನ್ನು ಕಸ ಗುಡಿಸುತ್ತಿದ್ದ ಮಿರ್ತಾಲೆಯ ತಲೆಗೆ ಕಟ್ಟಿದರು. ಮಿರ್ತಾಲೆ ಸಂತೆಯಲ್ಲಿ ಕೊಂಡು ತಂದ ಆಳು. ವೆಟ್ಟಿಯಾಳನ್ನು ಎತ್ತಿ ಆಡಿಸಿದವಳು. ಬೆಳಗಾದರೆ ಅವಳನ್ನು ಹಿಟ್ಟಿನ ಗಿರಣಿಗೆ ಕಳಿಸುತ್ತಾರಂತೆ, ಕತ್ತೆಗಳ ಜೊತೆ ಕಲ್ಲು ತಿರುಗಿಸಲು.

ಎದುರಿಗೆ ಸ್ಪೂರಿಯಸ್ ಚಿಕ್ಕಪ್ಪ. ಹೆಸರಿಗೆ ಚಿಕ್ಕಪ್ಪ, ಹೊಟ್ಟೆ ಮಾತ್ರ ದೊಡ್ಡಪ್ಪ. ಅವನ ಕಣ್ಣು ಜೇನು ಸವರಿ ಸುಟ್ಟ ಹಂದಿಮರಿಯ ಮೇಲೇ ಇತ್ತು.

ಚಿಕ್ಕಪ್ಪ ಬಾಯಿಗೆ ಬೆರಳು ತೋರಿಸಿದ. ವೆಟ್ಟಿಯಾ ತನ್ನ ಬಾಯಿಗೆ ಬೆರಳು ತೋರಿಸಿದಳು. ಅವನು ಹೊಟ್ಟೆ ಸವರಿಕೊಂಡ. ಇವಳೂ ಕೆನ್ನೆ ಉಬ್ಬಿಸಿ, ಇಲ್ಲದ ಡೊಳ್ಳು ಸವರಿಕೊಂಡಳು. ಅಜ್ಜಿ ನಗು ತಡೆಯಲು ಸೆರಗು ಕಚ್ಚಿದಳು.

"ಬಾಯಿ ಬಿಡೇ, ಕತ್ತೆ! ಹಂದಿ ತಣ್ಣಗಾಗ್ತಿದೆ!" ಚಿಕ್ಕಪ್ಪ ಕಿರುಚಿದ.

"ಅಯ್ಯೋ ಮಂಕೇ, ಮಾತಾಡಿಬಿಟ್ಯಲ್ಲೋ!" ಅಜ್ಜಿ ಹಣೆ ಚಚ್ಚಿಕೊಂಡಳು. "ಪೂಜೆ ಕೆಟ್ಟಿತು. ಇನ್ನು ಮೊದಲಿಂದ ಮಾಡ್ಬೇಕು."

ಈಗ ಎಲ್ಲರೂ ಮಾತಾಡಬಹುದಿತ್ತು. "ಏನೇ ನಿನ್ನ ಹಠ?" ಅಪ್ಪ ಗುಡುಗಿದರು.

"ಮೊದಲಿಂದ ಮಾಡಿದ್ರೂ ನಾನು ಹೇಳಲ್ಲ. ದೇವರು ಪ್ರಸನ್ನರಾಗಿಲ್ಲ. ದೇವರ ಮುಂದಿನ ಅಂಜೂರ ಕದೀವಾಗ ಚಿಕ್ಕಪ್ಪನ ಮೊಣಕೈ ತಗುಲಿ ಮಣ್ಣಿನ ದೇವರು ಬಿತ್ತು. ಆಗಲೇ ಹೇಳೋಕೆ ಬಂದೆ. ದೊಡ್ಡೋರ ಮೇಲೆ ಚಾಡಿ ಹೇಳ್ಬೇಡ ಅಂದ್ರಿ."

"ಒಂದೇ ಒಂದು ತಿಂದೆ ಕಣಣ್ಣಾ..." ಚಿಕ್ಕಪ್ಪ ತೊದಲಿದ.

ಅಪ್ಪ ಒಲೆಯತ್ತ ತಿರುಗಿದರು. "ಮಿರ್ತಾಲೆ ಎಲ್ಲೂ ಹೋಗಲ್ಲ," ಅಂದು ಮತ್ತೆ ತಲೆಗೆ ಸೆರಗು ಹೊದ್ದರು.

ರೊಟ್ಟಿ ಬೆಂಕಿಯಲ್ಲಿ ಚಟಪಟ ಅಂದಿತು. "ದೇವರು ಪ್ರಸನ್ನರಾಗಿದ್ದಾರೆ!" ವೆಟ್ಟಿಯಾಳ ದನಿ ಬೀದಿಯವರೆಗೂ ಕೇಳಿಸಿತು.

ಊಟದ ನಡುವೆ ಅವಳು ಒಂದು ಅಂಜೂರ ಹಿಡಿದು ಅಡುಗೆಮನೆಗೆ ಓಡಿದಳು. ಮಿರ್ತಾಲೆ ಪಾತ್ರೆ ಉಜ್ಜುತ್ತಿದ್ದಳು.

"ನಾನಲ್ಲ ಅಂತ ನೀನೇ ಹೇಳ್ಬೋದಿತ್ತಲ್ಲ?"

"ಹೇಳಿದೆ ಪುಟ್ಟಮ್ಮ. ಜೋರಾಗೇ ಹೇಳಿದೆ."

ವೆಟ್ಟಿಯಾ ಅಲ್ಲೇ ನೆಲದ ಮೇಲೆ ಕೂತಳು. ಅಂಜೂರವನ್ನು ಸೀಳಿ, ಅರ್ಧವನ್ನು ಮಿರ್ತಾಲೆಯತ್ತ ಚಾಚಿದಳು. ಊಟಕ್ಕೆ ಮೊದಲು ಎಲ್ಲರೂ ತನ್ನ ಮಾತಿಗೆ ಕಾದ ಹಾಗೆ, ತನ್ನ ಪಾಲನ್ನು ಬಾಯಿಗಿಡದೆ, ಮಿರ್ತಾಲೆ ಏನಾದರೂ ಹೇಳಲಿ ಎಂದು ಕಾದಳು.