ಆಲಿವ್ ಗಾಣದ ಮೆಟ್ಟಿಲು

ಇಟಲಿಯ ದಕ್ಷಿಣ ತುದಿಯ ನಮ್ಮೂರಿನಲ್ಲಿ, ಕಡಲ ಕೋಟೆಯ ಬೀದಿಯ ಕೆಳಗೆ, ಬಂಡೆ ಕೊರೆದು ಮಾಡಿದ ಹಳೆಯ ಆಲಿವ್ ಗಾಣವಿದೆ. ಅದು ತಿರುಗುವುದು ನಿಂತು ನೂರು ವರ್ಷ ದಾಟಿತು. ಅದನ್ನು ಪ್ರವಾಸಿಗರಿಗೆ ತೋರಿಸುತ್ತ ನಾನೇ ಈಗ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೇನೆ. ಅಕ್ಟೋಬರಿನಲ್ಲಿ ಇಳಿದ ಆಳುಗಳು ಮೇ ತಿಂಗಳವರೆಗೆ ಬಿಸಿಲು ಕಾಣುತ್ತಿರಲಿಲ್ಲ ಎಂದು ದಿನಕ್ಕೆ ಆರು ಸಲ ಹೇಳುತ್ತೇನೆ.

ಕಳೆದ ಆಗಸ್ಟಿನ ಒಂದು ಮಧ್ಯಾಹ್ನ ಐದನೇ ಗುಂಪನ್ನು ಮೇಲೆ ಕಳಿಸಿ, ಕಾಲು ಸೋತು, ಆಳುಗಳು ಮಲಗುತ್ತಿದ್ದ ಕಲ್ಲುಜಗಲಿಯ ಮೇಲೆ ಕೂತೆ. ಯಾವಾಗಲೂ ತಣ್ಣಗೆ ಕೊರೆಯುವ ಕಲ್ಲು ಅಂದು ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ. ಹೊಸ ಎಣ್ಣೆಯ ಘಾಟು ಬೇರೆ. ಏಳಲು ತ್ರಾಣವಿರಲಿಲ್ಲ.

"ಮೇಲೆ ಬಿಸಿಲಿದೆಯೇನಮ್ಮ?" ಬೆನ್ನ ಹಿಂದಿನಿಂದ ಯಾರೋ ನಮ್ಮೂರಿನ ಮಾತಲ್ಲೇ ಕೇಳಿದರು.

ಟಿಕೆಟ್ ಕೊಡುವ ಮುದುಕ ಕತಾಲ್ಡೊನ ಚೇಷ್ಟೆ ಅಂದುಕೊಂಡು, ಕಣ್ಣು ಮುಚ್ಚಿಕೊಂಡೇ "ಸುಡ್ತಾ ಇದೆ" ಅಂದೆ.

"ಯಾವ ತಿಂಗಳು?"

"ಆಗಸ್ಟ್ ಕಣಪ್ಪ. ತಲೆ ಕೆಟ್ಟಿದೆಯಾ?"

ಒಬ್ಬರಲ್ಲ, ಬಹಳ ಜನ ಒಟ್ಟಿಗೆ ಉಸಿರು ಬಿಟ್ಟಂತಾಯಿತು. ಕಣ್ಣು ತೆರೆದರೆ ಯಾರೂ ಇಲ್ಲ.

ಎದ್ದುಬಿದ್ದು ಮೇಲೆ ಬಂದೆ. ಕತಾಲ್ಡೊ ಎದುರಿನ ಕಾಫಿ ಅಂಗಡಿಯಿಂದ ಎದ್ದು ಬಂದು, "ಏನೇ ಕೋಸಿಮಾ, ಒಳಗೇ ಸಂಸಾರ ಹೂಡಿದೆಯಾ?" ಅಂತ ನಕ್ಕ. ನಗುತ್ತಲೇ ನನ್ನ ಹಿಂದಿನ ಮೆಟ್ಟಿಲು ನೋಡಿ, ಬಗ್ಗಿ ಬೆರಳಿಂದ ಒರೆಸಿ ಮೂಸಿದ.

ಅಲ್ಲಿ ಬರಿಗಾಲಿನ ಎಣ್ಣೆಹೆಜ್ಜೆಗಳಿದ್ದವು, ಒಂದರ ಮೇಲೊಂದು, ಎಷ್ಟೋ ಜನರವು. ನಾನು ಬೂಟು ಹಾಕಿದ್ದೆ.

ಆರನೇ ಗುಂಪಿಗೆ ಇವತ್ತಿಲ್ಲ ಎಂದು ಹೇಳಿ ಕಳಿಸಿದೆವು. ಇಬ್ಬರೂ ಸಂಜೆಯವರೆಗೆ ಸೋಪು ಹಾಕಿ ಮೆಟ್ಟಿಲು ಉಜ್ಜಿದೆವು. ಹೆಜ್ಜೆಗಳೆಲ್ಲ ಮೇಲ್ಮುಖವಾಗಿದ್ದವು. ಬೀದಿಯ ಕಲ್ಲಿನ ಮೇಲೆ ಮಾತ್ರ ಒಂದೂ ಇರಲಿಲ್ಲ.