ಪ್ರಾರ್ಥಿಸದೆ ಬಿಟ್ಟ ಚೀಟಿ

ಚೀಟಿ ಬಿಚ್ಚಿದ ಕೂಡಲೇ ಅವಳಿಗೆ ಅಕ್ಷರದ ಗುರುತು ಹತ್ತಿತು. ಚರ್ಚಿನ ಬೆಂಚುಗಳ ಮೇಲೆ ಅಳತೆ ಬರೆಯುವ ಬಡಗಿಯದೇ ದಪ್ಪ ಪೆನ್ಸಿಲ್, ಅವನದೇ ನೆಟ್ಟನೆಯ ಅಕ್ಷರ. "ನನ್ನ ಮನಸ್ಸಿನಲ್ಲಿರುವವಳು ಸೋತುಹೋಗಿದ್ದಾಳೆ. ಕರ್ತನೇ, ಅವಳ ಕೈ ಬಿಡಬೇಡ."

ಮತ್ತೊಮ್ಮೆ ಓದಿದಳು. ಹಾಗಾದರೆ ಅವನ ಮನಸ್ಸಿನಲ್ಲಿ ಯಾರೋ ಇದ್ದಾಳೆ.

ಅವರ ಸಭೆಯ ಪದ್ಧತಿ ಹಾಗಿತ್ತು. ಕಷ್ಟದಲ್ಲಿರುವವರು ಹೆಸರು ಹಾಕದೆ ಚೀಟಿ ಬರೆದು ಬಾಗಿಲ ಬಳಿಯ ಡಬ್ಬಿಗೆ ಹಾಕುವರು. ತಿಂಗಳಿಗೊಬ್ಬರು ಡಬ್ಬಿಯನ್ನು ಮನೆಗೆ ಒಯ್ದು, ದಿನವೂ ಬೆಳಿಗ್ಗೆ ಒಂದೊಂದನ್ನೂ ಬಾಯಿಬಿಟ್ಟು ಓದಿ ಪ್ರಾರ್ಥಿಸಬೇಕು. ಬರೆದವರು ಯಾರೆಂದು ಊಹಿಸಬಾರದು. ಈ ತಿಂಗಳು ಅವಳ ಸರದಿ.

ಸರದಿ ಬಂದದ್ದೂ ಎಂಥ ತಿಂಗಳಲ್ಲಿ. ಬಟ್ಟೆ ಕಾರ್ಖಾನೆಯಲ್ಲಿ ಅವಳದು ಚೆಕಿಂಗ್ ಟೇಬಲ್. ಹೊಲಿಗೆ ಸರಿಯಿದ್ದರಷ್ಟೇ ಅಂಗಿಗೆ ಪಾಸ್ ಸ್ಟಿಕರ್ ಅಂಟಿಸುವ ಕೆಲಸ. ಕಾಲರ್ ಸೊಟ್ಟಗಿದ್ದ ಒಂದು ರಾಶಿ ಅಂಗಿಗಳಿಗೆ ಕಣ್ಣುಮುಚ್ಚಿ ಸ್ಟಿಕರ್ ಹಾಕೆಂದು ಮ್ಯಾನೇಜರ್ ಹೇಳಿದಾಗ ಆಗುವುದಿಲ್ಲ ಎಂದಿದ್ದಳು. ಅವಳಿಗೆ ಸಿಗಬೇಕಿದ್ದ ಸೂಪರ್‌ವೈಸರ್ ಕೆಲಸ ಅವಳೇ ಕೈಹಿಡಿದು ಕಲಿಸಿದ ಹುಡುಗಿಗೆ ಹೋಯಿತು. ಈಗ ಇವಳು ಬಂದರೆ ಸಾಕು, ಬೈಬಲಮ್ಮ ಬಂದಳು ಎಂದು ಜೊತೆಯ ಕೆಲಸಗಾರರು ಪಿಸುಗುಟ್ಟುತ್ತಿದ್ದರು. ಅದನ್ನೆಲ್ಲ ನುಂಗಿಕೊಂಡಿದ್ದಳು. ಈ ಚೀಟಿ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಕೈಯಲ್ಲಿ ಸದಾ ಉಳಿ ಇರುವ ಆ ಬಡಗಿ ಸಭೆಯವರಿಗೆಲ್ಲ ಉಳಿಯಣ್ಣ. ಅವಳೊಬ್ಬಳು ಮಾತ್ರ ಅಣ್ಣ ಎನ್ನದೆ, ಇಲ್ಲಿ ನೋಡಿ, ಅಲ್ಲಿ ನೋಡಿ ಎಂದೇ ಆರು ತಿಂಗಳು ದೂಡಿದ್ದಳು. ಮೊದಲು ಗಮನಿಸಿದ್ದು ಅವಳ ಅಮ್ಮ. ಮೂವತ್ತೆಂಟು ವರ್ಷದಲ್ಲಿ ಒಬ್ಬನನ್ನಾದರೂ ಅಣ್ಣ ಅನ್ನದೆ ಬಿಟ್ಟೆಯಲ್ಲ, ಅಷ್ಟು ಸಾಕು ಎಂದು ನಕ್ಕಿದ್ದರು.

ಮೊದಲ ವಾರ ಹಲ್ಲುಕಚ್ಚಿ ಪ್ರಾರ್ಥಿಸಿದಳು. ಕಾಣದ ಆ ಹೆಣ್ಣಿಗೆ ಒಂದು ಮುಖ ಕೊಟ್ಟಳು, ಉದ್ದ ಜಡೆ ಕೊಟ್ಟಳು, ಮೂವತ್ತು ದಾಟದ ವಯಸ್ಸು ಕೊಟ್ಟಳು. ಆಮೇಲೆ ತಾನೇ ಕೊಟ್ಟದ್ದನ್ನು ನೋಡಿ ತಾನೇ ಹೊಟ್ಟೆ ಉರಿಸಿಕೊಂಡಳು. ಎರಡನೇ ವಾರ ಆ ಚೀಟಿಯನ್ನು ಡಬ್ಬಿಯ ತಳಕ್ಕೆ ತಳ್ಳಿ ಉಳಿದವುಗಳಿಗೆ ಮಾತ್ರ ಪ್ರಾರ್ಥಿಸಿದಳು. ಮೂರನೇ ವಾರವೂ ಅಷ್ಟೇ. ಸೊಟ್ಟ ಕಾಲರಿಗೆ ಪಾಸ್ ಹಾಕದವಳು, ದಿನಾ ಎಲ್ಲ ಮುಗಿಸಿದವಳಂತೆ ಆಮೆನ್ ಎಂದು ಎದ್ದುಬಿಡುತ್ತಿದ್ದಳು. ಅದು ಅವಳನ್ನು ಹೆಚ್ಚು ಚುಚ್ಚಿತು.

ಶನಿವಾರ ಮಧ್ಯಾಹ್ನ ತಡೆಯಲಾಗದೆ ಡಬ್ಬಿ ಹಿಡಿದು ಚರ್ಚಿಗೆ ಹೋದಳು. ಕಿಟಕಿಯ ಬೆಳಕಿನಲ್ಲಿ ಅವನು ಬೆಂಚೊಂದನ್ನು ಉಜ್ಜುತ್ತಿದ್ದ. ಹುಬ್ಬಿನ ಮೇಲೆಲ್ಲ ಮರದ ಪುಡಿ.

"ಒಂದು ತಪ್ಪು ಒಪ್ಕೊಳ್ಳೋಕೆ ಬಂದೆ. ನಿಮ್ಮ ಚೀಟಿ ಗುರುತು ಸಿಕ್ತು. ಎರಡು ವಾರದಿಂದ ಅವರಿಗೋಸ್ಕರ ನಾನು ಪ್ರಾರ್ಥನೆ ಮಾಡಿಲ್ಲ."

"ಯಾಕೆ?"

ಕೆಲಸ ಜಾಸ್ತಿಯಿತ್ತು ಎನ್ನಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಗೆ ಬಂದೂ ಬಂದಿತ್ತು.

"ಹೊಟ್ಟೆಕಿಚ್ಚು," ಎಂದಳು.

ಅವನು ಸ್ಯಾಂಡ್ ಪೇಪರ್ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಅವಳ ಮುಖವನ್ನೊಮ್ಮೆ ನೋಡಿ ಕಣ್ಣು ತಗ್ಗಿಸಿದ. ನಗು ತಡೆಯಲು ಹೋಗಿ ತುಟಿಯ ಒಂದು ಮೂಲೆ ಸೋತಿತು.

"ಹಾಗಾದ್ರೆ ಎರಡು ವಾರದಿಂದ ನಿಮಗೋಸ್ಕರ ಪ್ರಾರ್ಥನೆ ಮಾಡಿದ್ದು ನಾನೊಬ್ಬನೇ."

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು.

"ಡಬ್ಬಿ ನಿಮ್ಮ ಹತ್ರ ಇದೆ ಅಂತ ಗೊತ್ತಿತ್ತು. ಫ್ಯಾಕ್ಟರಿ ವಿಷಯ ನಿಮ್ಮಮ್ಮ ಹೇಳಿದ್ರು. ಎಲ್ಲರಿಗೂ ಪ್ರಾರ್ಥಿಸೋರು ತಮಗೆ ಅಂತ ಒಂದು ಚೀಟಿ ಬರ್ಕೊಳ್ತಾರಾ? ಅದಕ್ಕೇ ನಾನು ಬರೆದೆ."

ಮ್ಯಾನೇಜರ್ ಎದುರು ಬಾರದ ಕಣ್ಣೀರು ಈಗ ಬಂತು. ಸೋಮವಾರ ಮತ್ತೆ ಅದೇ ಟೇಬಲ್, ಅದೇ ಪಿಸುಮಾತು, ನನ್ನ ಕೈಲಾಗಲ್ಲ ಎಂದಳು.

"ಸೋಮವಾರ ನಾನಿರ್ತೀನಿ," ಎಂದ. ಸ್ವಲ್ಪ ತಡೆದು, "ಮಂಗಳವಾರಾನೂ. ನೀವು ಹೂಂ ಅಂದ್ರೆ, ಎಲ್ಲಾ ವಾರಾನೂ."

ಅವಳು ಹೂಂ ಎನ್ನಲಿಲ್ಲ. ಡಬ್ಬಿಯ ತಳದಿಂದ ಚೀಟಿ ತೆಗೆದು ಬೆಂಚಿನ ಮೇಲೆ ಕೂರಲು ಹೋದಳು.

"ಆ ಕಡೆ ಬೇಡ, ಬೆಂಚಿನ ಕಾಲು ಇನ್ನೂ ಕೂಡಿಸಿಲ್ಲ. ಈ ಕಡೆ ಬನ್ನಿ."

ಈ ಕಡೆ ಸರಿದಳು. ಕಣ್ಣು ಮುಚ್ಚಿ ತನ್ನ ಹೆಸರು ಹೇಳಿ, ಸೋಮವಾರಕ್ಕೆ ಬೇಕಾದ ಧೈರ್ಯ ಕೇಳಿದಳು. ಆಮೇಲೆ, ಪಕ್ಕದಲ್ಲಿರುವವನಿಗೆ ಕೇಳಿಸಲೆಂದೇ ಸ್ವಲ್ಪ ಗಟ್ಟಿಯಾಗಿ, "ಇವರನ್ನೂ ನನಗೆ ಕೊಡು, ಕರ್ತನೇ," ಎಂದಳು.